ಕಾಂಗ್ ಪರ್ವತಗಳು: ಆಫ್ರಿಕಾದ ಭೂಪಟಗಳಲ್ಲಿ ಐತಿಹ್ಯದ ಮರುಹುಟ್ಟು

ಯುರೋಪಿಯನ್ನರು ರಚಿಸಿದ ಆಫ್ರಿಕಾದ ಆರಂಭಿಕ ಭೂಪಟಗಳನ್ನು ಕುರಿತು ಒಂದು ತಿಳಿವಳಿಕೆ ರೂಢಿಯಲ್ಲಿದೆ. ಮೊದಲು ಐತಿಹ್ಯವಿತ್ತು, ಅನಂತರ ಬಂದ ವಿಜ್ಞಾನ ಅದನ್ನು ಅಳಿಸಿತು ಎಂಬುದೇ ಅದು. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿಯ ಪರಂಪರೆಯಿಂದ ಬಂದ ಚಂದ್ರಪರ್ವತಗಳು, ಅವುಗಳ ಬುಡದ ಸರೋವರಗಳಿಂದ ಹೊರಡುವ ನೈಲ್ ನದಿ, ಪ್ರೆಸ್ಟರ್ ಜಾನ್ ಎಂಬ ಕ್ರೈಸ್ತ ಅರಸನ ರಾಜ್ಯ ಇವೆಲ್ಲ 16ನೆಯ ಶತಮಾನದ ಭೂಪಟಗಳಲ್ಲಿ ನಿರ್ವಿವಾದ ಸಂಗತಿಗಳಂತೆ ಕಾಣಿಸಿಕೊಳ್ಳುತ್ತವೆ. ಪ್ರೆಸ್ಟರ್ ಜಾನನ ಕಥೆಯಂತೂ ಕುತೂಹಲಕರವಾದುದು. 12ನೆಯ ಶತಮಾನದಲ್ಲಿ ಅವನ ಹೆಸರಿನಲ್ಲಿ ಹರಿದಾಡಿದ ಪತ್ರದ ಪ್ರಕಾರ ಅವನು ಮೂರು ಇಂಡಿಯಾಗಳ ಒಡೆಯ. ಏಷ್ಯಾದಲ್ಲಿ ಅಂಥ ಅರಸನು ದೊರೆಯದಿದ್ದಾಗ ಕಥೆ ಸಾಯಲಿಲ್ಲ. ಇಥಿಯೋಪಿಯಕ್ಕೆ ವಲಸೆ ಹೋಯಿತು. 1573ರಲ್ಲಿ ಓರ್ಟೆಲಿಯಸ್ ಆ ರಾಜ್ಯಕ್ಕೆಂದೇ ಪ್ರತ್ಯೇಕ ಭೂಪಟವನ್ನು ಪ್ರಕಟಿಸಿದನು.

1749ರಲ್ಲಿ ಫ್ರಾನ್ಸಿನ ದಾನ್‌ವಿಲ್ ಖಚಿತ ಆಧಾರವಿಲ್ಲದ ವಿವರಗಳನ್ನು ಕೈಬಿಟ್ಟು, ಖಂಡದ ಒಳನಾಡನ್ನು ಬಹುಮಟ್ಟಿಗೆ ಖಾಲಿ ಬಿಟ್ಟನು. ಐತಿಹ್ಯದ ಯುಗ ಇಲ್ಲಿಗೆ ಮುಗಿಯಿತೆಂದು ಭಾವಿಸುವುದುಂಟು. ಆದರೆ ಕಾಂಗ್ ಪರ್ವತಗಳ ಐತಿಹ್ಯ ಹುಟ್ಟಿದ್ದು ಇದಾದ ಅರ್ಧ ಶತಮಾನದ ಮೇಲೆ. ಅದೂ ಆ ಕಾಲದ ಅತ್ಯಂತ ಗೌರವಾನ್ವಿತ ಭೂಗೋಳ ವಿದ್ವಾಂಸರೊಬ್ಬರ ಕೈಯಲ್ಲಿ.

ಆ ವಿದ್ವಾಂಸ ಜೇಮ್ಸ್ ರೆನೆಲ್. ಬಂಗಾಳದ ಸರ್ವೇಯರ್ ಜನರಲ್ ಆಗಿ, ನದಿ ದಾರಿಗಳನ್ನು ಅಳೆದು ಭೂಪಟ ರಚಿಸಿ ಹೆಸರಾದವನು. ನೈಜರ್ ನದಿ ಪೂರ್ವಕ್ಕೆ ಹರಿಯುವುದನ್ನು 1796ರಲ್ಲಿ ಕಣ್ಣಾರೆ ಕಂಡ ಮುಂಗೋ ಪಾರ್ಕ್, ಬಹುದೂರದಲ್ಲಿ ಕೆಲವು ಬೆಟ್ಟಗಳನ್ನೂ ನೋಡಿದ್ದನು; ಅವು ಕಾಂಗ್ ಎಂಬ ರಾಜ್ಯದಲ್ಲಿವೆಯೆಂದು ಸ್ಥಳೀಯರು ಹೇಳಿದ್ದರು. ಪಾರ್ಕನ ಪ್ರವಾಸಗ್ರಂಥಕ್ಕೆ ಭೂಪಟ ಸಿದ್ಧಪಡಿಸಿದ ರೆನೆಲ್‌ನ ಕೈಯಲ್ಲಿ ಈ ಕೆಲವು ಬೆಟ್ಟಗಳು ಪಶ್ಚಿಮ ಆಫ್ರಿಕಾದ ಉದ್ದಕ್ಕೂ, 10 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಹಬ್ಬಿದ ಪರ್ವತಶ್ರೇಣಿಯಾದವು. ಇದಕ್ಕೆ ಕಾರಣವಿತ್ತು. ನೈಜರ್ ಸಮುದ್ರ ಸೇರದೆ ಒಳನಾಡಿನ ಸರೋವರಗಳಲ್ಲಿ ಇಂಗಿಹೋಗುತ್ತದೆ ಎಂಬುದು ಅವನ ಸಿದ್ಧಾಂತ. ನದಿ ದಕ್ಷಿಣದ ಗಿನಿ ಕೊಲ್ಲಿಯತ್ತ ತಿರುಗದಂತೆ ಒಂದು ತಡೆಗೋಡೆ ಬೇಕಾಗಿತ್ತು. ಸಿದ್ಧಾಂತಕ್ಕೆ ಪರ್ವತ ಬೇಕಿತ್ತು, ಪರ್ವತ ಬಂದಿತು.

1830ರಲ್ಲಿ ಲ್ಯಾಂಡರ್ ಸಹೋದರರು ನೈಜರ್ ಗಿನಿ ಕೊಲ್ಲಿಯನ್ನೇ ಸೇರುತ್ತದೆಂದು ತೋರಿಸಿದರು. ಸಿದ್ಧಾಂತ ಕುಸಿಯಿತು, ಅದಕ್ಕಾಗಿ ಹುಟ್ಟಿದ ಪರ್ವತಗಳು ಮಾತ್ರ ಉಳಿದವು. ನದಿಗೆ ದಾರಿ ಬಿಡಲು ಶ್ರೇಣಿಯಲ್ಲೊಂದು ಕಂಡಿ ತೆರೆದರೆ ಸಾಕಾಯಿತು! ಕೆಲವು ಭೂಪಟಗಳಲ್ಲಿ ಅದು ಪೂರ್ವಕ್ಕೆ ಬೆಳೆದು ಟಾಲೆಮಿಯ ಚಂದ್ರಪರ್ವತಗಳನ್ನೂ ಕೂಡಿಕೊಂಡಿತು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಕ್ರಮ ಹೊಸದಲ್ಲ. ಒಂದೇ ಮಾತೃಕೆಯ ತಪ್ಪನ್ನು ಹತ್ತು ಪ್ರತಿಗಳು ಉಳಿಸಿಕೊಂಡರೆ ಅವು ಹತ್ತು ಸಾಕ್ಷಿಗಳಾಗುವುದಿಲ್ಲ. ಭೂಪಟಕಾರರು ಪ್ರತಿಗಳನ್ನು ಎಣಿಸಿದರು, ಮಾತೃಕೆಯನ್ನು ಪರಿಶೀಲಿಸಲಿಲ್ಲ.

1888ರಲ್ಲಿ ಫ್ರೆಂಚ್ ಅಧಿಕಾರಿ ಬಿಂಜೆ ಕಾಂಗ್ ಪಟ್ಟಣವನ್ನು ಮುಟ್ಟಿದನು. ಇಂದಿನ ಐವರಿ ಕೋಸ್ಟ್‌ನ ಉತ್ತರದಲ್ಲಿರುವ ಆ ಊರು ಮಸೀದಿಗಳಿಂದಲೂ ಡಿಯುಲಾ ವರ್ತಕರ ವ್ಯಾಪಾರದಿಂದಲೂ ಹೆಸರಾಗಿತ್ತು. ಊರು ನಿಜ, ಹೆಸರು ನಿಜ, ಪರ್ವತಶ್ರೇಣಿ ಮಾತ್ರ ಇರಲಿಲ್ಲ. ಬಿಂಜೆಯ ಸಂಚಾರ ಕೇವಲ ಜ್ಞಾನಾರ್ಜನೆಯದಲ್ಲ ಎಂಬುದನ್ನೂ ಗಮನಿಸಬೇಕು. ಅವನು ದಾರಿಯುದ್ದಕ್ಕೂ ಫ್ರಾನ್ಸಿನ ಪರವಾಗಿ ಒಪ್ಪಂದಗಳನ್ನು ಮಾಡಿಕೊಂಡನು. 1893ರಲ್ಲಿ ಆ ವಸಾಹತಿನ ಮೊದಲ ಗವರ್ನರ್ ಆದನು. ಸುಳ್ಳು ಪರ್ವತವನ್ನು ಅಳಿಸಿದ ಕೈಯೇ ಗಡಿರೇಖೆ ಎಳೆಯಲು ನೆರವಾಯಿತು.

1897ರಲ್ಲಿ ಸಮೋರಿ ತುರೆಯ ಸೈನ್ಯ ಕಾಂಗ್ ಪಟ್ಟಣವನ್ನು ನಾಶಮಾಡಿತು. ಕಾಂಗ್ ಪರ್ವತಗಳು 20ನೆಯ ಶತಮಾನದ ಕೆಲವು ಅಟ್ಲಾಸುಗಳಲ್ಲಿಯೂ ಉಳಿದುಕೊಂಡಿದ್ದವು.