ಜಾಲತಾಣಕ್ಕೆ ಮೊದಲ ಮಾದರಿಯನ್ನು ಸಿದ್ಧಪಡಿಸುವ ಕ್ರಮ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರ ಹೆಸರು, ಓದಿದ ವರ್ಷ, ಈಗಿನ ವಾಸಸ್ಥಳ ಇವುಗಳನ್ನೊಳಗೊಂಡ ಒಂದು ಪಟ್ಟಿಯನ್ನು ಅಂತರಜಾಲದಲ್ಲಿ ಏರ್ಪಡಿಸಬೇಕೆಂದು ಗೆಳತಿಯರು ಕೆಲವರು ಸೇರಿ ನಿಶ್ಚಯಿಸಿದೆವು. ಕಂಪ್ಯೂಟರಿನ ಕೆಲಸವನ್ನು ಬಲ್ಲವಳೆಂಬ ಕಾರಣದಿಂದ ಅದರ ಭಾರವು ನನ್ನ ಪಾಲಿಗೆ ಬಂದಿತು. ಆ ಕೆಲಸವನ್ನು ಆರಂಭಿಸಿದ ಬಗೆಯನ್ನೂ, ಆರಂಭದಲ್ಲಿಯೇ ನಾನು ಮಾಡಿದ ಕೆಲವು ತಪ್ಪುಗಳನ್ನೂ ಇಲ್ಲಿ ಬರೆದಿಟ್ಟರೆ, ಈ ವಿದ್ಯೆಯನ್ನು ಕಲಿಯುತ್ತಿರುವ ನಿಮ್ಮ ಹೆಣ್ಣುಮಕ್ಕಳಿಗೆ ಉಪಯೋಗವಾದೀತೆಂದು ನಂಬಿದ್ದೇನೆ. ಈ ವಿಷಯದ ಪರಿಚಯವೇ ಇಲ್ಲದ ತಾಯಿತಂದೆಗಳಿಗೂ ಅರ್ಥವಾಗುವಂತೆ ಹೇಳಲು ಯತ್ನಿಸುವೆನು.

ನಾನು ವಾಸಿಸುವುದು ಮೈಸೂರಿನ ಈಶಾನ್ಯದಲ್ಲಿರುವ ಕೆಸರೆಯಲ್ಲಿ. ಹಳ್ಳಿಯ ಹೆಸರನ್ನೇ ಹೊತ್ತು ಎರಡನೆಯ ಹಂತ, ಮೂರನೆಯ ಹಂತ ಎಂದು ಬಡಾವಣೆಗಳು ಇಲ್ಲಿ ಬೆಳೆದಿವೆ. ಬಡಾವಣೆಯೆಂದರೇನು? ಮನೆಗಳು ಏಳುವುದಕ್ಕೆ ಮೊದಲು ರಸ್ತೆಯ ಅಗಲವನ್ನು ಗೊತ್ತುಮಾಡಿ, ಚರಂಡಿಗೆ ಓಟ ಕೊಟ್ಟು, ನೀರಿನ ಕೊಳಾಯಿಯನ್ನು ಹೂಳಿ, ನಿವೇಶನಗಳಿಗೆ ಕಲ್ಲು ನೆಡುವುದು. ೧೯೦೩ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾದಂದಿನಿಂದ ಮೈಸೂರಿನವರಿಗೆ ಈ ಕ್ರಮವು ಪರಿಚಿತವಾದದ್ದೇ. ಮನೆಯ ಗೋಡೆ ಸೊಟ್ಟಗಾದರೆ ಆ ಮನೆಯವರಿಗಷ್ಟೇ ಕಷ್ಟ. ಚರಂಡಿಯ ಓಟ ತಪ್ಪಿದರೆ ಬೀದಿಯವರೆಲ್ಲರಿಗೂ ಕಷ್ಟ, ಮತ್ತು ಮನೆಗಳೆದ್ದ ಮೇಲೆ ಅದನ್ನು ಅಗೆದು ಸರಿಪಡಿಸುವುದು ಬಹು ಪ್ರಯಾಸದ ಕೆಲಸ. ಜಾಲತಾಣದ ಕೆಲಸದಲ್ಲಿ ಸ್ಟಾರ್ಟರ್ ಟೆಂಪ್ಲೇಟು ಎನ್ನುವುದು ಇಂಥ ಬಡಾವಣೆಯೇ. ಮುಂದೆ ಬರೆಯಲಿರುವ ಪುಟಗಳೆಲ್ಲವೂ ಅದರ ಮೇಲೆ ನಿಲ್ಲುತ್ತವೆ.

ಬ್ರೌಸರಿನಲ್ಲಿ ಪುಟಗಳಿಗೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ರಚಿಸಿದರು. ಜಾವಾ ಎಂಬ ಇನ್ನೊಂದು ಭಾಷೆಗೂ ಇದಕ್ಕೂ ಹೆಸರಿನ ಸಾಮ್ಯವೇ ಹೊರತು ನಂಟುತನವಿಲ್ಲ. ೨೦೦೯ರಲ್ಲಿ ನೋಡ್ ಎಂಬ ಸಾಧನವು ಬಂದು, ಈ ಭಾಷೆಯನ್ನು ಬ್ರೌಸರಿನ ಹೊರಗೂ ಓಡಿಸುವುದು ವ್ಯಾಪಕವಾಯಿತು. ಮರುವರ್ಷ ಬಂದ ಎನ್‌ಪಿಎಂ ಎಂಬುದರ ಮೂಲಕ ಒಬ್ಬರು ಬರೆದ ಪ್ಯಾಕೇಜನ್ನು ಇನ್ನೊಬ್ಬರು ಎರವಲು ಪಡೆಯುವುದು ಸುಲಭವಾಯಿತು. ಅನುಕೂಲದೊಂದಿಗೆ ತೊಡಕೂ ಬೆಳೆಯಿತು. ಒಂದು ಪುಟವನ್ನು ತೋರಿಸುವುದಕ್ಕೆ ಮೊದಲೇ ಹತ್ತಾರು ಸಾಧನಗಳನ್ನು ಒಂದಕ್ಕೊಂದು ಹೊಂದಿಸಬೇಕಾಗಿ ಬಂದಿತು. ಈ ಹೊಂದಾಣಿಕೆಯನ್ನು ಮೊದಲೇ ಮಾಡಿ ಕೊಡುವ ಸಲಕರಣೆಗಳಲ್ಲಿ, ೨೦೧೬ರಲ್ಲಿ ಫೇಸ್‌ಬುಕ್ ಕಂಪನಿಯವರು ಹೊರತಂದ ಕ್ರಿಯೇಟ್ ರಿಯಾಕ್ಟ್ ಆಪ್ ಎಂಬುದು ಬಹುಕಾಲ ಪ್ರಸಿದ್ಧವಾಗಿತ್ತು. ೨೦೨೫ರಲ್ಲಿ ಅದರವರೇ ಹೊಸ ಕೆಲಸಕ್ಕೆ ಅದನ್ನು ಬಳಸಬೇಡಿರೆಂದು ತಿಳಿಸಿದರು. ಹಳೆಯ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರೇ ಇರುವುದರಿಂದ ಮಕ್ಕಳು ಎಚ್ಚರದಿಂದಿರಬೇಕು. ಇವಾನ್ ಯೂ ಎಂಬವರು ೨೦೨೦ರಲ್ಲಿ ಆರಂಭಿಸಿದ ವೀಟ್ ಎಂಬುದನ್ನು ನಾನು ಆರಿಸಿಕೊಂಡೆನು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ‘ಬೇಗ’ ಎಂದು ಅರ್ಥ. ಹೆಸರಿಗೆ ತಕ್ಕಂತೆಯೇ ಇದೆ.

ಮಾಡತಕ್ಕ ಕೆಲಸ ಸ್ವಲ್ಪವೇ. ಮೊದಲು ಕಂಪ್ಯೂಟರಿನಲ್ಲಿ ನೋಡನ್ನು ಸ್ಥಾಪಿಸಬೇಕು. ಬಳಿಕ ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿಯಲ್ಲಿ ‘ಎನ್‌ಪಿಎಂ ಕ್ರಿಯೇಟ್ ವೀಟ್’ ಎಂದು ಬರೆದರೆ ಯೋಜನೆಯ ಹೆಸರೇನು, ಯಾವ ಚೌಕಟ್ಟು ಬೇಕು ಎಂಬಂಥ ಕೆಲವು ಪ್ರಶ್ನೆಗಳನ್ನು ಕೇಳಿ ಅದು ಒಂದು ಫೋಲ್ಡರನ್ನು ಸೃಷ್ಟಿಸುತ್ತದೆ. ಅದರೊಳಕ್ಕೆ ಹೋಗಿ ಬೇಕಾದ ಪ್ಯಾಕೇಜುಗಳನ್ನು ಇಳಿಸಿಕೊಂಡು ‘ಎನ್‌ಪಿಎಂ ರನ್ ಡೆವ್’ ಎಂದರೆ ಪುಟವು ನಮ್ಮ ಬ್ರೌಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ನನಗೆ ಇಷ್ಟಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ನನ್ನ ತಪ್ಪುಗಳಿಗೆಲ್ಲ ಈ ಶೀಘ್ರತೆಯೇ ಕಾರಣವಾಯಿತು. ಸಿಕ್ಕಿದ ಬಡಾವಣೆಯ ಚರಂಡಿಯನ್ನು ಪರೀಕ್ಷಿಸದೆ ಮನೆ ಕಟ್ಟಲು ತೊಡಗಿದೆನು.

ಮೊದಲನೆಯದು ಭಾಷೆಯ ವಿಷಯ. ಆ ಫೋಲ್ಡರಿನಲ್ಲಿ ಇಂಡೆಕ್ಸ್ ಎಂಬ ಫೈಲಿನ ಆರಂಭದಲ್ಲಿಯೇ ಈ ಪುಟದ ಭಾಷೆ ಇಂಗ್ಲಿಷ್ ಎಂದು ಬರೆದಿರುತ್ತದೆ. ಕಣ್ಣಿಗೆ ಕಾಣದ ಬರಹವಾದುದರಿಂದ ನಾನು ಅದನ್ನು ಹಾಗೆಯೇ ಬಿಟ್ಟು, ಕೆಳಗೆ ಕನ್ನಡದಲ್ಲಿ ಪಟ್ಟಿಯನ್ನು ಬರೆದೆನು. ನಮ್ಮ ಜೊತೆಯಲ್ಲಿ ಓದಿದವರಲ್ಲಿ ಒಬ್ಬಳಿಗೆ ದೃಷ್ಟಿಯಿಲ್ಲ. ಅವಳು ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸಾಧನದ ಮೂಲಕ ಪುಟವನ್ನು ಕೇಳುವವಳು. ಪುಟದ ಭಾಷೆ ಯಾವುದೆಂದು ಆ ಸಾಧನವು ತಿಳಿಯುವುದು ಇದೇ ಬರಹದಿಂದ. ಇಂಗ್ಲಿಷ್ ಎಂದಿದ್ದರೆ ಇಂಗ್ಲಿಷ್ ಧ್ವನಿಯನ್ನೇ ಹಿಡಿಯುತ್ತದೆ. ‘ನನ್ನ ಹೆಸರನ್ನು ನಿನ್ನ ಪುಟಕ್ಕೆ ಹೇಳಲು ಬರುವುದಿಲ್ಲವಲ್ಲೇ’ ಎಂದು ಅವಳು ದೂರವಾಣಿಯಲ್ಲಿ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ತಿದ್ದಿದ್ದು ಒಂದೇ ಅಕ್ಷರ: ಇಂಗ್ಲಿಷಿನ ಸಂಕೇತವಾದ ‘ಇಎನ್’ ಇದ್ದಲ್ಲಿ ಕನ್ನಡದ ‘ಕೆಎನ್’. ಅನಂತರ ಅವಳ ಯಂತ್ರವು ಕನ್ನಡದ ಧ್ವನಿಯಲ್ಲಿಯೇ ಪಟ್ಟಿಯನ್ನು ಓದಿತು.

ಎರಡನೆಯದು ಅಕ್ಷರಗಳ ಎಣಿಕೆ. ಕಿರಿದಾದ ಫೋನಿನ ಪರದೆಯಲ್ಲಿ ಊರಿನ ಹೆಸರು ಸಾಲನ್ನು ಮೀರದಿರಲೆಂದು, ಮೊದಲ ನಾಲ್ಕು ಅಕ್ಷರಗಳನ್ನು ಮಾತ್ರ ತೋರಿಸುವಂತೆ ಮಾದರಿಯಲ್ಲಿ ಒಂದು ಸಾಲು ಬರೆದಿದ್ದೆನು. ಕೆಸರೆಯಲ್ಲಿ ಇರುವುದು ಮೂರೇ ಅಕ್ಷರವಾದ್ದರಿಂದ ನಮ್ಮ ಊರಿಗೆ ಅಪಾಯವಿಲ್ಲವೆಂದು ಧೈರ್ಯವಾಗಿದ್ದೆ. ಆದರೆ ಜಾವಾಸ್ಕ್ರಿಪ್ಟು ನಾವು ಎಣಿಸುವಂತೆ ಎಣಿಸುವುದಿಲ್ಲ. ಯೂನಿಕೋಡ್ ಸಂಕೇತದಲ್ಲಿ ವ್ಯಂಜನಕ್ಕೊಂದು, ಅದರ ಸ್ವರಚಿಹ್ನೆಗೆ ಇನ್ನೊಂದು ಸ್ಥಾನ. ಕಕಾರ, ಎತ್ವ, ಸಕಾರ, ರಕಾರ, ಪುನಃ ಎತ್ವ: ಹೀಗೆ ಕೆಸರೆಗೆ ಐದು ಎಣಿಕೆ. ನಾಲ್ಕಕ್ಕೆ ಕತ್ತರಿಸಿದಾಗ ಕೊನೆಯ ಎತ್ವವು ಹಾರಿಹೋಗಿ ‘ಕೆಸರ’ ಎಂದಾಯಿತು. ನೀನು ಕೆಸರಿನಲ್ಲಿ ವಾಸವಾಗಿರುವೆಯೋ ಎಂದು ಗೆಳತಿಯರು ಹಾಸ್ಯಮಾಡಿದರು. ಮೈಸೂರು ‘ಮೈಸೂ’ ಆಗಿತ್ತು, ಬೆಂಗಳೂರು ‘ಬೆಂಗ’. ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಲು ಈಚಿನ ಬ್ರೌಸರುಗಳಲ್ಲಿ ಇಂಟ್ಲ್ ಸೆಗ್ಮೆಂಟರ್ ಎಂಬ ಉಪಕರಣವಿದೆ. ಕೆಸರೆಯನ್ನು ಅದು ಮೂರೆಂದೇ ಹೇಳುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಹೆಸರುಗಳನ್ನು ಕತ್ತರಿಸದಿರುವುದೇ ಲೇಸು. ಸಾಲು ಎರಡಾದರೆ ಆಗಲಿ.

ಸಾಲುಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆನು. ಇಂಗ್ಲಿಷಿಗೆಂದು ಗೊತ್ತುಮಾಡಿದ ಸಾಲುಗಳ ಅಂತರವು ಒತ್ತಕ್ಷರಗಳಿರುವ ಕನ್ನಡಕ್ಕೆ ಸಾಲದು. ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಂತರವನ್ನು ಹೆಚ್ಚಿಸಿ, ನೋಟೋ ಸಾನ್ಸ್ ಕನ್ನಡದಂಥ ಒಂದು ಅಕ್ಷರಶೈಲಿಯನ್ನು ಮಾದರಿಯಲ್ಲಿಯೇ ಸೇರಿಸಿಡಬೇಕು.

ಎರವಲು ಪ್ಯಾಕೇಜುಗಳ ವಿಷಯದಲ್ಲಿಯೂ ಜಾಗ್ರತೆ ಬೇಕು. ೨೦೧೬ರ ಮಾರ್ಚ್ ತಿಂಗಳಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲುಗಳ ಪ್ಯಾಕೇಜನ್ನು ಅದರ ಕರ್ತೃವು ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳು ಲೋಕದಾದ್ಯಂತ ನಿಂತುಹೋದವು. ಕೆಲವು ಗಂಟೆಗಳಲ್ಲಿ ಅದನ್ನು ಪುನಃ ಸ್ಥಾಪಿಸಬೇಕಾಯಿತು. ಆದಕಾರಣ ಮಾದರಿಯಲ್ಲಿ ಅವಶ್ಯವಿದ್ದಷ್ಟೇ ಪ್ಯಾಕೇಜುಗಳಿರಬೇಕು. ಯಾವುದರ ಯಾವ ಆವೃತ್ತಿಯನ್ನು ಇಳಿಸಿಕೊಂಡೆವೆಂಬುದನ್ನು ಬರೆದಿಡುವ ಪ್ಯಾಕೇಜ್ ಲಾಕ್ ಎಂಬ ಫೈಲನ್ನು ಎಂದಿಗೂ ಅಳಿಸಬಾರದು. ಜೊತೆಯವರು ‘ಎನ್‌ಪಿಎಂ ಸಿಐ’ ಎಂಬ ಆಜ್ಞೆಯನ್ನು ಕೊಟ್ಟರೆ ಅದರಲ್ಲಿ ಬರೆದಿರುವಂತೆಯೇ ಇಳಿಯುತ್ತದೆ.

ಇನ್ನು ನನ್ನ ಮನಸ್ಸಿಗೆ ಅತ್ಯಂತ ನೋವನ್ನು ಕೊಟ್ಟ ತಪ್ಪು. ಪುಟವು ಹೇಗೆ ಕಾಣುವುದೆಂದು ನೋಡುವುದಕ್ಕಾಗಿ ಇಪ್ಪತ್ತು ಮಂದಿ ಗೆಳತಿಯರ ನಿಜವಾದ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಒಂದು ಫೈಲಿನಲ್ಲಿ ಬರೆದು ಮಾದರಿಯೊಳಗೇ ಇಟ್ಟಿದ್ದೆನು. ಅವರಲ್ಲಿ ಒಬ್ಬಳು, ತನ್ನ ಸ್ವಂತ ಕಾರಣಗಳಿಂದ, ತಾನಿರುವ ಊರು ಯಾರಿಗೂ ತಿಳಿಯಬಾರದೆಂದು ಕೇಳಿಕೊಂಡಿದ್ದಳು. ನಾನು ಅವಳ ವಿಳಾಸವು ಪರದೆಯ ಮೇಲೆ ಬಾರದಂತೆ ಮರೆಮಾಡಿ, ಕೆಲಸವಾಯಿತೆಂದುಕೊಂಡೆನು. ಪುಟವನ್ನು ಹೊರಕ್ಕೆ ಬಿಡುವ ಹಿಂದಿನ ದಿನ, ನಮಗಿಂತ ಬಹಳ ಕಿರಿಯಳಾದ ಒಬ್ಬ ವಿದ್ಯಾರ್ಥಿನಿಯು ಬ್ರೌಸರಿನ ಡೆವಲಪರ್ ಟೂಲ್ಸನ್ನು ತೆರೆದು, ‘ಅಕ್ಕಾ, ಇಲ್ಲಿ ಎಲ್ಲವೂ ಕಾಣಿಸುತ್ತಿದೆಯಲ್ಲಾ’ ಎಂದು ತೋರಿಸಿದಳು. ಬ್ರೌಸರಿಗೆ ಕಳುಹಿಸಿದ ಪ್ರತಿಯೊಂದು ಸಾಲನ್ನೂ ನೋಡುವವರು ಓದಬಲ್ಲರು. ಪರದೆಯಿಂದ ಮರೆಮಾಡಿದ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ. ಇದನ್ನು ನಾನು ಅರಿಯದವಳಲ್ಲ, ಅವಸರದಲ್ಲಿ ಮರೆತಿದ್ದೆನು.

ಫೈಲನ್ನು ಅಳಿಸಿದರೂ ತೀರಲಿಲ್ಲ. ಬದಲಾವಣೆಗಳ ಚರಿತ್ರೆಯನ್ನು ಕಾಯುವ ಗಿಟ್ ಎಂಬ ಸಾಧನದಲ್ಲಿ ಹಳೆಯ ಪ್ರತಿಯು ಉಳಿದೇ ಇತ್ತು. ಕಡೆಗೆ ಆ ಯೋಜನೆಯನ್ನು ಪೂರ್ತಿಯಾಗಿ ಬಿಟ್ಟು, ಇನ್ನೊಮ್ಮೆ ಮೊದಲಿನಿಂದ ಆರಂಭಿಸಿದೆನು. ಈ ಸಲ ಮಾದರಿಯಲ್ಲಿ ಕಲ್ಪಿತ ಹೆಸರುಗಳು ಮಾತ್ರ. ನಿಜವಾದ ಪಟ್ಟಿಯು ಬೇರೆ ಸರ್ವರಿನಲ್ಲಿದ್ದು, ಯಾರು ಯಾವುದನ್ನು ಪ್ರಕಟಿಸಲು ಒಪ್ಪಿರುವರೋ ಅಷ್ಟನ್ನು ಮಾತ್ರ ಅದು ಬ್ರೌಸರಿಗೆ ಕೊಡುತ್ತದೆ. ಗುಪ್ತಪದಗಳನ್ನು ಇಡುವ ‘ಎನ್ವ್’ ಎಂಬ ಫೈಲನ್ನು ಗಿಟ್ ಇಗ್ನೋರ್ ಎಂಬ ಪಟ್ಟಿಯಲ್ಲಿ ನಾನೇ ಸೇರಿಸಿದೆನು. ವೀಟ್ ಕೊಡುವ ಪಟ್ಟಿಯಲ್ಲಿ ‘ಲೋಕಲ್’ ಎಂದು ಕೊನೆಗೊಳ್ಳುವ ಫೈಲುಗಳಿಗೆ ಮಾತ್ರ ತಡೆಯಿರುವುದರಿಂದ ಇದು ತಾನಾಗಿ ಆಗುವುದಿಲ್ಲ. ಇದಲ್ಲದೆ, ಅದರಲ್ಲಿ ‘ವೀಟ್’ ಎಂಬ ಪೂರ್ವಪದದಿಂದ ಆರಂಭವಾಗುವ ಹೆಸರುಗಳು ಬ್ರೌಸರಿಗೆ ಹೋಗುವಂಥವು. ಗುಟ್ಟಿನದನ್ನು ಆ ಹೆಸರಿನಲ್ಲಿ ಬರೆಯಲೇಬಾರದು.

ಎರಡನೆಯ ಸಲ ಆ ಐದು ನಿಮಿಷದ ಕೆಲಸಕ್ಕೆ ನನಗೆ ಮೂರು ದಿನ ಹಿಡಿಯಿತು. ಪಟ್ಟಿಯು ಈಗ ಸಿದ್ಧವಾಗಿದೆ. ಆ ಗೆಳತಿಯ ಹೆಸರೂ, ಅವಳು ಓದಿದ ವರ್ಷವೂ ಅದರಲ್ಲಿವೆ. ಊರಿನ ಸ್ಥಳ ಖಾಲಿ ಇದೆ.