ಅಮೆರಿಕದ ಕಮ್ಯುನಿಟಿ ಕಾಲೇಜು: ಕೋರ್ಸ್ ಪಟ್ಟಿ ಓದುವುದು ಹೇಗೆ? ಕ್ರೆಡಿಟ್ ಲೆಕ್ಕ ಏನು?

ಅಮೆರಿಕದಲ್ಲಿ ಪದವಿ ಓದುವ ಆಸೆ ಇದೆ, ಆದರೆ ನಾಲ್ಕೂ ವರ್ಷ ವಿಶ್ವವಿದ್ಯಾಲಯದ ಶುಲ್ಕ ಕಟ್ಟುವುದು ಕಷ್ಟ. ಇಂಥ ಕುಟುಂಬಗಳ ಮುಂದಿರುವ ಒಂದು ದಾರಿ ಕಮ್ಯುನಿಟಿ ಕಾಲೇಜು. ಮೊದಲ ಎರಡು ವರ್ಷ ಕಡಿಮೆ ಶುಲ್ಕದ ಈ ಕಾಲೇಜಿನಲ್ಲಿ ಓದಿ, ಉಳಿದ ಎರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆಯುವುದು ಇದರ ಲೆಕ್ಕಾಚಾರ. 1901ರಲ್ಲಿ ಇಲಿನಾಯ್ ರಾಜ್ಯದಲ್ಲಿ ಶುರುವಾದ ಜೋಲಿಯೆಟ್ ಜೂನಿಯರ್ ಕಾಲೇಜಿನಿಂದ ಇಂದಿನವರೆಗೆ ಈ ಪದ್ಧತಿ ನಡೆದು ಬಂದಿದೆ.

ಆದರೆ ಎರಡು ವರ್ಷ ಎಂದುಕೊಂಡದ್ದು ಮೂರು ವರ್ಷವಾಗುವ ಅಪಾಯವೂ ಇದೆ. ಅದಕ್ಕೆ ಮುಖ್ಯ ಕಾರಣ, ಕೋರ್ಸ್ ಪಟ್ಟಿಯನ್ನು ಸರಿಯಾಗಿ ಓದದೇ ಹೆಸರು ನೋಂದಾಯಿಸುವುದು. ಪಟ್ಟಿಯಲ್ಲಿ ಏನೇನಿರುತ್ತದೆ ಎಂಬುದರ ಮಾಹಿತಿ ಇಲ್ಲಿದೆ.

ಒಂದು ಕ್ರೆಡಿಟ್ ಎಂದರೆ ಎಷ್ಟು ಗಂಟೆ?

ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಒಂದು ಸೆಮಿಸ್ಟರ್ ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ, ವಾರಕ್ಕೆ 1 ಗಂಟೆ ತರಗತಿ ಮತ್ತು ಕನಿಷ್ಠ 2 ಗಂಟೆ ತರಗತಿಯ ಹೊರಗಿನ ಓದು. ಅಂದರೆ 3 ಕ್ರೆಡಿಟ್‌ನ ಒಂದು ಕೋರ್ಸ್‌ಗೆ ವಾರಕ್ಕೆ 9 ಗಂಟೆ ಬೇಕು. 15 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ 45 ಗಂಟೆ. ವೇಳಾಪಟ್ಟಿಯಲ್ಲಿ 15 ಗಂಟೆ ಮಾತ್ರ ಕಾಣುತ್ತದೆ, ಉಳಿದ 30 ಗಂಟೆ ಕಾಣುವುದಿಲ್ಲ.

ಭಾರತದಲ್ಲಿ ಓದಿದವರಿಗೆ ಕ್ರೆಡಿಟ್ ಹೊಸ ಪದವೇನಲ್ಲ. ಆದರೆ ಅಳತೆ ಬೇರೆ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 1 ಕ್ರೆಡಿಟ್ ಎಂದರೆ ಒಟ್ಟು 30 ಗಂಟೆಗಳ ಕಲಿಕೆ, ಅಮೆರಿಕದಲ್ಲಿ ಸುಮಾರು 45 ಗಂಟೆ. ಇಲ್ಲಿ 120 ಕ್ರೆಡಿಟ್‌ಗೆ ಮೂರು ವರ್ಷದ ಪದವಿ ಸಿಕ್ಕರೆ, ಅಲ್ಲಿ 120 ಕ್ರೆಡಿಟ್ ನಾಲ್ಕು ವರ್ಷದ ಪದವಿ. ಹಾಗಾಗಿ ಎರಡೂ ಕಡೆಯ ಸಂಖ್ಯೆಯನ್ನು ನೇರವಾಗಿ ಹೋಲಿಸುವಂತಿಲ್ಲ.

ಪಟ್ಟಿಯ ಒಂದು ಸಾಲು

ಉದಾಹರಣೆಗೆ ಪಟ್ಟಿಯಲ್ಲಿ ಹೀಗಿದೆ ಎಂದುಕೊಳ್ಳಿ: ಕೆಮಿಸ್ಟ್ರಿ 101, ಸೆಕ್ಷನ್ 02, 4 ಕ್ರೆಡಿಟ್, 'ಟಿಆರ್' 9.00ರಿಂದ 10.15, ಲ್ಯಾಬ್ 'ಎಫ್' 1.00ರಿಂದ 3.50.

* ಸಂಖ್ಯೆ: ಹಲವು ಕಾಲೇಜುಗಳಲ್ಲಿ 100ರ ಸರಣಿ ಮೊದಲ ವರ್ಷದ್ದು, 200ರ ಸರಣಿ ಎರಡನೇ ವರ್ಷದ್ದು. 100ಕ್ಕಿಂತ ಕೆಳಗಿನವು ಸಾಮಾನ್ಯವಾಗಿ ಪೂರ್ವಸಿದ್ಧತಾ ಕೋರ್ಸ್‌ಗಳು. ಇವಕ್ಕೂ ಶುಲ್ಕ ಇರುತ್ತದೆ, ಆದರೆ ಪದವಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ. ಟೆಕ್ಸಾಸ್‌ನಲ್ಲಿ ನಾಲ್ಕಂಕಿ ಪದ್ಧತಿ ಇದೆ. ಅಲ್ಲಿ ಇಂಗ್ಲಿಷ್ 1301 ಎಂದರೆ ಮೊದಲ 1 ವರ್ಷದ ಮಟ್ಟ, ನಂತರದ 3 ಕ್ರೆಡಿಟ್ ಸಂಖ್ಯೆ.
* ದಿನಗಳು: 'ಟಿ' ಮಂಗಳವಾರ, 'ಆರ್' ಗುರುವಾರ, 'ಎಫ್' ಶುಕ್ರವಾರ. ಮಂಗಳವಾರ ಮತ್ತು ಗುರುವಾರದ ಇಂಗ್ಲಿಷ್ ಹೆಸರುಗಳೆರಡೂ 'ಟಿ'ಯಿಂದಲೇ ಶುರುವಾಗುವುದರಿಂದ ಗುರುವಾರಕ್ಕೆ 'ಆರ್' ಬಳಸುತ್ತಾರೆ.
* ಲ್ಯಾಬ್: ಇಲ್ಲಿ ತರಗತಿ ವಾರಕ್ಕೆ ಎರಡೂವರೆ ಗಂಟೆ. 50 ನಿಮಿಷಕ್ಕೆ ಒಂದು ತರಗತಿ ಎಂದು ಎಣಿಸಿದರೆ 3 ಕ್ರೆಡಿಟ್. ಲ್ಯಾಬ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೊತ್ತು ನಡೆದರೂ ಸಿಗುವುದು 1 ಕ್ರೆಡಿಟ್ ಮಾತ್ರ. ವಿಜ್ಞಾನದ ವಿಷಯ ಆಯ್ದುಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.
* ಪ್ರಿರಿಕ್ವಿಸಿಟ್: ಈ ಕೋರ್ಸ್‌ಗೆ ಮೊದಲು ಪಾಸಾಗಿರಬೇಕಾದ ಕೋರ್ಸ್. ಕೋರಿಕ್ವಿಸಿಟ್ ಎಂದರೆ ಜೊತೆಯಲ್ಲೇ ತೆಗೆದುಕೊಳ್ಳಬೇಕಾದದ್ದು. ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನ ಭೌತಶಾಸ್ತ್ರ, ಎಂಜಿನಿಯರಿಂಗ್ ಕೋರ್ಸ್‌ಗಳೂ ಹಿಂದೆ ಬೀಳುತ್ತವೆ.

ಸೆಮಿಸ್ಟರೋ, ಕ್ವಾರ್ಟರೋ?

ಎಲ್ಲ ಕಾಲೇಜುಗಳೂ ಸೆಮಿಸ್ಟರ್ ಪದ್ಧತಿಯಲ್ಲಿಲ್ಲ. ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೋದಲ್ಲಿರುವ ಡಿ ಆಂಜಾ ಕಾಲೇಜು ಕ್ವಾರ್ಟರ್ ಪದ್ಧತಿಯದು. ಕ್ವಾರ್ಟರ್ ಅವಧಿ 10ರಿಂದ 12 ವಾರ. ಒಂದು ಕ್ವಾರ್ಟರ್ ಕ್ರೆಡಿಟ್ ಸೆಮಿಸ್ಟರ್ ಕ್ರೆಡಿಟ್‌ನ ಮೂರನೇ ಎರಡು ಭಾಗಕ್ಕೆ ಸಮ. ಎರಡು ವರ್ಷದ ಅಸೋಸಿಯೇಟ್ ಪದವಿಗೆ ಸಾಮಾನ್ಯವಾಗಿ 60 ಸೆಮಿಸ್ಟರ್ ಕ್ರೆಡಿಟ್ ಬೇಕು, ಕ್ವಾರ್ಟರ್ ಲೆಕ್ಕದಲ್ಲಿ ಅದು 90. ಕ್ಯಾಲಿಫೋರ್ನಿಯಾದಲ್ಲಿ ಕ್ರೆಡಿಟ್ ಬದಲು 'ಯೂನಿಟ್' ಎಂಬ ಪದ ಬಳಕೆಯಲ್ಲಿದೆ.

ವೀಸಾಗೆ 12 ಸಾಕು, ಪದವಿಗೆ ಸಾಲದು

ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರು ಪ್ರತಿ ಅವಧಿಯಲ್ಲಿ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಇದರಲ್ಲಿ ಪೂರ್ತಿ ಆನ್‌ಲೈನ್ ಆಗಿರುವ ಒಂದು ಕೋರ್ಸ್ ಅಥವಾ 3 ಕ್ರೆಡಿಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪಟ್ಟಿಯಲ್ಲಿ 'ಆನ್‌ಲೈನ್', 'ಹೈಬ್ರಿಡ್' ಎಂಬ ಸೂಚನೆಗಳನ್ನು ನೋಡದೇ ಮುಂದುವರಿದರೆ ವೀಸಾಕ್ಕೇ ತೊಂದರೆಯಾಗಬಹುದು. ಮಧ್ಯದಲ್ಲಿ ಕೋರ್ಸ್ ಬಿಟ್ಟು 12ಕ್ಕಿಂತ ಕೆಳಗೆ ಇಳಿಯುವ ಮೊದಲು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯ ಅನುಮತಿ ಕಡ್ಡಾಯ.

ಇನ್ನೊಂದು ಸರಳ ಗಣಿತವನ್ನೂ ಗಮನಿಸಿ. ಸೆಮಿಸ್ಟರ್‌ಗೆ 12ರಂತೆ ನಾಲ್ಕು ಸೆಮಿಸ್ಟರ್ ಓದಿದರೆ ಆಗುವುದು 48 ಕ್ರೆಡಿಟ್. ಬೇಕಿರುವುದು 60. ಎರಡೇ ವರ್ಷದಲ್ಲಿ ಮುಗಿಸಬೇಕಾದರೆ ಸೆಮಿಸ್ಟರ್‌ಗೆ ಸರಾಸರಿ 15 ಕ್ರೆಡಿಟ್ ಬೇಕು, ಅಥವಾ ಬೇಸಿಗೆ ತರಗತಿಗಳಲ್ಲಿ ಕೊರತೆ ತುಂಬಿಕೊಳ್ಳಬೇಕು. ಇಲ್ಲದಿದ್ದರೆ ಮತ್ತೊಂದು ಸೆಮಿಸ್ಟರ್‌ನ ಶುಲ್ಕ, ಬಾಡಿಗೆ, ಊಟದ ಖರ್ಚು ಹೆಗಲೇರುತ್ತದೆ.

ಕ್ರೆಡಿಟ್ ಮುಂದೆ ಎಣಿಕೆಗೆ ಬರುತ್ತದೆಯೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಗಳಿಸಿದ ಪ್ರತಿ ಕ್ರೆಡಿಟ್ ಅನ್ನೂ ವಿಶ್ವವಿದ್ಯಾಲಯ ಒಪ್ಪಬೇಕೆಂದಿಲ್ಲ. ಒಪ್ಪಿದರೂ ನಿಮ್ಮ ಮುಖ್ಯ ವಿಷಯದ ಅಗತ್ಯಕ್ಕೆ ಸೇರಿಸದೇ ಬರೀ ಐಚ್ಛಿಕ ವಿಷಯವೆಂದು ಪರಿಗಣಿಸಬಹುದು. ಆಗ ಅದೇ ಪಾಠಕ್ಕೆ ಸಮನಾದ ಕೋರ್ಸ್ ಅನ್ನು ಹೆಚ್ಚಿನ ಶುಲ್ಕ ಕೊಟ್ಟು ಮತ್ತೆ ಓದಬೇಕಾಗುತ್ತದೆ. ಉದ್ಯೋಗಕ್ಕೆಂದೇ ರೂಪಿಸಿದ ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್ ಪದವಿಯ ಹಲವು ಕೋರ್ಸ್‌ಗಳು ವರ್ಗಾವಣೆಗೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಕಮ್ಯುನಿಟಿ ಕಾಲೇಜಿನಿಂದ ಗರಿಷ್ಠ 70 ಸೆಮಿಸ್ಟರ್ ಯೂನಿಟ್‌ಗಳನ್ನು ಮಾತ್ರ ಎಣಿಸುತ್ತದೆ.

ಆದ್ದರಿಂದ ಪಟ್ಟಿಯನ್ನು ಹಿಂದಿನಿಂದ ಓದಿ. ಮೊದಲು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಮತ್ತು ವಿಷಯ ನಿರ್ಧರಿಸಿ, ಅಲ್ಲಿ ಕೇಳುವ ಕೋರ್ಸ್‌ಗಳನ್ನು ಬರೆದುಕೊಳ್ಳಿ, ನಂತರ ಕಾಲೇಜಿನ ಪಟ್ಟಿಯಲ್ಲಿ ಅವುಗಳನ್ನು ಹುಡುಕಿ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕೋರ್ಸ್ ಯಾವುದಕ್ಕೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ಸಾರ್ವಜನಿಕ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಬೇರೆ ರಾಜ್ಯಗಳಲ್ಲಿ ಕಾಲೇಜಿನ ವರ್ಗಾವಣೆ ಸಲಹೆಗಾರರನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ. ಶುಲ್ಕ ಕಟ್ಟುವ ಮೊದಲೇ ಈ ಕೆಲಸ ಮುಗಿದಿರಲಿ.