ಬಾಡಿಗೆ ಮನೆಯ ತೆರವು: ಮಾಲೀಕರು ಮತ್ತು ಬಾಡಿಗೆದಾರರು ತಿಳಿದಿರಬೇಕಾದ ಕಾನೂನು ಕ್ರಮ

ಗ್ರಾಮಾಂತರ ಪ್ರದೇಶಗಳಲ್ಲಿ ಮನೆ ಹಾಗೂ ಅಂಗಡಿಗಳನ್ನು ಬಾಯಿಮಾತಿನ ಮೇಲೆ ಬಾಡಿಗೆಗೆ ನೀಡುವುದು ವಾಡಿಕೆಯಲ್ಲಿದೆ. ವಿರಸ ಉಂಟಾದಾಗ ಮಾಲೀಕರು ಬೀಗ ಜಡಿಯುವುದು, ಬಾಡಿಗೆದಾರರು ಬಾಡಿಗೆ ನಿಲ್ಲಿಸುವುದು ಇವೆರಡೂ ವಿವಾದವನ್ನು ಬೆಳೆಸುತ್ತವೆ. ಬೇಲೂರು ತಾಲ್ಲೂಕು ಹಳೇಬೀಡು ಬಳಿಯ ಬಸ್ತಿಹಳ್ಳಿಯಂತಹ ಗ್ರಾಮಗಳ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮೂಲ ನಿಯಮ

ಬಾಡಿಗೆ ಅವಧಿ ಮುಗಿದಿದ್ದರೂ, ಬಾಡಿಗೆ ಬಾಕಿ ಇದ್ದರೂ ಮಾಲೀಕರು ಬಲಪ್ರಯೋಗದಿಂದ ಬಾಡಿಗೆದಾರರನ್ನು ಹೊರಹಾಕುವಂತಿಲ್ಲ. ಬೀಗ ಬದಲಿಸುವುದು, ಸಾಮಾನುಗಳನ್ನು ಬೀದಿಗೆ ಹಾಕುವುದು ಕಾನೂನುಸಮ್ಮತ ಮಾರ್ಗಗಳಲ್ಲ. ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ಕಾನೂನಿನ ಕ್ರಮದಿಂದಲ್ಲದೆ ತೆರವುಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸ್ಪಷ್ಟಪಡಿಸಿದೆ.

ಯಾವ ಕಾಯಿದೆ ಅನ್ವಯಿಸುತ್ತದೆ?

1. ಕರ್ನಾಟಕ ಬಾಡಿಗೆ ಕಾಯಿದೆ, 1999: ಇದು ದಿನಾಂಕ 31-12-2001ರಿಂದ ಜಾರಿಯಲ್ಲಿದ್ದು, 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಬದಲಿಗೆ ಬಂದಿದೆ. ಮೊದಲನೆಯ ಅನುಸೂಚಿಯಲ್ಲಿನ ಪ್ರದೇಶಗಳಿಗೆ ಅನ್ವಯಿಸುತ್ತದೆ. ಅನುಸೂಚಿಯ ‘ಎ’ ಭಾಗದ ಪ್ರದೇಶಗಳಲ್ಲಿ ಮಾಸಿಕ ಬಾಡಿಗೆ ರೂ. 3,500ಕ್ಕಿಂತ, ಇತರ ಪ್ರದೇಶಗಳಲ್ಲಿ ರೂ. 2,000ಕ್ಕಿಂತ ಹೆಚ್ಚಿರುವ ಮನೆಗಳಿಗೂ, 14 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳಿಗೂ ಇದು ಅನ್ವಯಿಸುವುದಿಲ್ಲ.

2. ಸ್ವತ್ತು ವರ್ಗಾವಣೆ ಕಾಯಿದೆ, 1882: ಮೇಲಿನ ಕಾಯಿದೆಯ ವ್ಯಾಪ್ತಿಗೆ ಬಾರದ ಖಾಸಗಿ ಮನೆ, ಅಂಗಡಿಗಳಿಗೆ ಇದು ಅನ್ವಯಿಸುತ್ತದೆ.

ಆದುದರಿಂದ ಸ್ವತ್ತು ಯಾವ ಕಾಯಿದೆಗೆ ಒಳಪಡುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಕೃಷಿ ಜಮೀನಿನ ಗೇಣಿಗೆ 1961ರ ಕರ್ನಾಟಕ ಭೂಸುಧಾರಣೆ ಕಾಯಿದೆಯು ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ಮಾಲೀಕರು ಅನುಸರಿಸಬೇಕಾದ ಕ್ರಮ

ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಸಹಿ ಮಾಡಿದ ಲಿಖಿತ ನೋಟೀಸನ್ನು 15 ದಿನಗಳ ಕಾಲಾವಕಾಶ ನೀಡಿ ಕಳುಹಿಸತಕ್ಕದ್ದು. ಅವಧಿ ಮುಗಿದ ನಂತರವೂ ತೆರವು ಮಾಡದಿದ್ದಲ್ಲಿ ಸಕ್ಷಮ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ನೋಟೀಸು ತಲುಪಿದ ಮಾತ್ರಕ್ಕೆ ಮನೆಯನ್ನು ವಶಕ್ಕೆ ಪಡೆಯುವ ಅಧಿಕಾರ ದೊರೆಯುವುದಿಲ್ಲ.

1999ರ ಕಾಯಿದೆಯಡಿ 27ನೇ ಪ್ರಕರಣದಲ್ಲಿ ಹೇಳಿದ ಕಾರಣಗಳಿದ್ದರೆ ಮಾತ್ರ ತೆರವು ಕೋರಬಹುದು. ಬೇಡಿಕೆ ನೋಟೀಸು ತಲುಪಿ ಎರಡು ತಿಂಗಳಾದರೂ ಬಾಕಿ ಪಾವತಿಸದಿರುವುದು, ಮಾಲೀಕರಿಗೆ ಸ್ವಂತ ವಾಸಕ್ಕೆ ಮನೆ ಅಗತ್ಯವಿರುವುದು ಇವುಗಳಲ್ಲಿ ಸೇರಿವೆ. ವಿಧವೆಯರು, ಅಂಗವಿಕಲರು ಹಾಗೂ 65 ವರ್ಷ ಮೀರಿದ ಮಾಲೀಕರಿಗೆ ಪ್ರತ್ಯೇಕ ಅವಕಾಶವಿದೆ.

ಬಾಡಿಗೆದಾರರು ಗಮನಿಸಬೇಕಾದ ಅಂಶಗಳು

1. ಬಾಡಿಗೆಯನ್ನು ತಪ್ಪದೆ ಪಾವತಿಸಿ ರಸೀತಿ ಪಡೆಯತಕ್ಕದ್ದು. ಮಾಲೀಕರು ಸ್ವೀಕರಿಸದಿದ್ದಲ್ಲಿ ಬ್ಯಾಂಕ್ ಮೂಲಕ ಪಾವತಿಸಿ ದಾಖಲೆ ಇಟ್ಟುಕೊಳ್ಳುವುದು ಕ್ಷೇಮಕರ.

2. ಬಾಕಿಯ ಕಾರಣಕ್ಕೆ ಬಾಡಿಗೆ ಹಕ್ಕು ರದ್ದಾಗಿ ದಾವೆ ಹೂಡಲ್ಪಟ್ಟಿದ್ದರೆ, ವಿಚಾರಣೆಯ ವೇಳೆ ಬಾಕಿ, ಬಡ್ಡಿ ಹಾಗೂ ದಾವೆಯ ಪೂರ್ಣ ಖರ್ಚನ್ನು ಪಾವತಿಸಿದವರಿಗೆ ನ್ಯಾಯಾಲಯವು ರಿಯಾಯಿತಿ ನೀಡಬಹುದು (1882ರ ಕಾಯಿದೆ, ಪ್ರಕರಣ 114).

3. ಬಲವಂತವಾಗಿ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೋರಬಹುದು. ಈ ಅವಧಿಯನ್ನು ರಾಜಿ ಮಾತುಕತೆಯಲ್ಲೇ ಕಳೆದುಕೊಳ್ಳಬಾರದು.

4. ಹನ್ನೆರಡು ವರ್ಷ ವಾಸವಿದ್ದರೆ ಮನೆ ಸ್ವಂತದ್ದಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಾಡಿಗೆದಾರರಾಗಿ ಎಷ್ಟೇ ವರ್ಷ ವಾಸವಿದ್ದರೂ ಅಷ್ಟರಿಂದಲೇ ಮಾಲೀಕತ್ವ ಬರುವುದಿಲ್ಲ.

ಕರಾರು ಪತ್ರ

ಬಾಡಿಗೆ, ಮುಂಗಡ ಹಣ, ಅವಧಿ ಮತ್ತು ನೋಟೀಸಿನ ಷರತ್ತುಗಳನ್ನು ಬರಹದಲ್ಲಿ ದಾಖಲಿಸುವುದು ಉಭಯತ್ರರಿಗೂ ಹಿತ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ.

ಉಚಿತ ಕಾನೂನು ನೆರವು

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರಾಗಿರುತ್ತಾರೆ. ಬೇಲೂರಿನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ದೂರವಾಣಿ ಸಹಾಯವಾಣಿ: 15100. ಉಭಯ ಪಕ್ಷಗಳು ಒಪ್ಪಿದಲ್ಲಿ ವಿವಾದವನ್ನು ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲದೆ ಇತ್ಯರ್ಥಪಡಿಸಿಕೊಳ್ಳಬಹುದು. ಅಲ್ಲಿನ ತೀರ್ಮಾನವು ಅಂತಿಮವಾಗಿದ್ದು ಅದರ ಮೇಲೆ ಅಪೀಲು ಇರುವುದಿಲ್ಲವಾದ ಕಾರಣ, ರಾಜಿಯ ಷರತ್ತುಗಳನ್ನು ಪೂರ್ಣವಾಗಿ ಓದಿಸಿಕೊಂಡ ನಂತರವೇ ಸಹಿ ಮಾಡತಕ್ಕದ್ದು.